ಎರಡು ಬೆರಳಿಗೊಂದು ಕಂಪ್ಯೂಟರು

ಮೇಘಶ್ರೀ ಹಾಸನದ ಬಸ್‌ಸ್ಟ್ಯಾಂಡ್ ಪಕ್ಕದ ಆ ಅಂಗಡಿಗೆ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಡಿವಿಡಿ ಪ್ಲೇಯರಿನ ರಟ್ಟಿನ ಪೆಟ್ಟಿಗೆ ಗಾಜಿನ ಕೌಂಟರಿನ ಮೇಲೆ ಕೂತಾಗಿತ್ತು. ಅಂಗಡಿಯ ಪುಟ್ಟರಾಜು ವಾರಂಟಿ ಕಾರ್ಡಿಗೆ ಸೀಲು ಒತ್ತುತ್ತಿದ್ದ. ಅವಳ ದೊಡ್ಡಣ್ಣ ಮಂಜುನಾಥ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಅವಳು ಬಂದದ್ದು ಅವನಿಗೆ ಗೊತ್ತಾಗಿದೆ ಅಂತ ಅವನ ಕತ್ತು ಬಿಗಿದ ರೀತಿಯಲ್ಲೇ ತಿಳಿಯಿತು.

"ದೊಡ್ಡಣ್ಣ, ಒಂದು ವಾರ ತಡ್ಕೊ ಅಂತ ಫೋನಲ್ಲಿ ಹೇಳಿದ್ನಲ್ಲ."

"ಮೂರು ವಾರ ತಡ್ಕಂಡಿವ್ನಿ. ಇನ್ನು ನನ್ ಕೈಲಾಗಾಕಿಲ್ಲ."

"ಇದನ್ನ ತಗಂಡೋಗಿ ಅರುಣಣ್ಣ ಏನು ಮಾಡ್ತಾನೆ? ಇದರ ರಿಮೋಟು ಒತ್ತೋಕಾಗುತ್ತಾ ಅವನಿಗೆ? ಡಿಸ್ಕ್ ಹಾಕೋಕಾಗುತ್ತಾ?"

"ನಾವಿಲ್ವಾ? ನಾವಾಕ್ತೀವಿ," ಅಂದ ಮಂಜುನಾಥ. "ನೀನು ಇನ್ನೊಂದು ಮಾತಾಡ್ಬ್ಯಾಡ ಮೇಘ. ಅಂಗ್ಡೀಲಿ ಜನ ನೋಡ್ತಾವ್ರೆ."

ಪುಟ್ಟರಾಜು ತಲೆ ತಗ್ಗಿಸಿಕೊಂಡು ಸೀಲನ್ನೇ ಇನ್ನೊಂದು ಸಲ ಒತ್ತಿದ.

ಅವತ್ತು ಶನಿವಾರ. ಪ್ರತಿ ಶನಿವಾರದ ಹಾಗೆ ಮೇಘಶ್ರೀ ಊರಿಗೆ ಹೊರಟವಳೇ. ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿಕೊಂಡು, ಹುಡುಗಿಯರ ಹಾಸ್ಟೆಲಿನಲ್ಲಿ ಇದ್ದಳು. ಅಣ್ಣ ತಂಗಿ ಇಬ್ಬರೂ ಅರಕಲಗೂಡಿನ ಬಸ್ಸು ಹತ್ತಿದರು. ಮಂಜುನಾಥ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿಯುತ್ತಿದ್ದ. ಕೂಸನ್ನು ಹಿಡಿದ ಹಾಗೆ. 

ಅರುಣ್‌ಕುಮಾರ್ ಮಂಜುನಾಥನ ತಮ್ಮ, ಮೇಘಶ್ರೀಯ ಚಿಕ್ಕಣ್ಣ. ಎರಡು ವರ್ಷದ ಹಿಂದೆ, ಎರಡು ಸಾವಿರದ ಎರಡರ ಜುಲೈನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಸೂರಿನಲ್ಲಿ ಹಂಚು ಸರಿಮಾಡಲು ಹತ್ತಿದವನು ಕಾಲು ಜಾರಿ ಬಿದ್ದಿದ್ದ. ಕತ್ತಿನ ಹತ್ತಿರ ಬೆನ್ನುಮೂಳೆಗೆ ಪೆಟ್ಟಾಯಿತು. ನಾಲ್ಕು ತಿಂಗಳು ಆಸ್ಪತ್ರೆ. ಮನೆಗೆ ಬಂದಾಗ ಅವನ ಮೈಯಲ್ಲಿ ಅವನ ಮಾತು ಕೇಳುತ್ತಿದ್ದದ್ದು ತಲೆ, ಬಲಭುಜ, ಬಲಗೈಯ ಎರಡು ಬೆರಳು, ಅಷ್ಟೇ. ಆ ಬೆರಳುಗಳು ಅಲುಗಾಡುತ್ತಿದ್ದವು, ಆದರೆ ಬಲವಿರಲಿಲ್ಲ. ಟೀವಿ ರಿಮೋಟಿನ ರಬ್ಬರ್ ಗುಂಡಿಯನ್ನು ಒತ್ತುವಷ್ಟೂ ಬಲವಿರಲಿಲ್ಲ.

ಮೊದಲು ಅವನು ಹಾಗಿದ್ದವನಲ್ಲ. ಶುಕ್ರವಾರ ಬಂತೆಂದರೆ ಬೈಕು ಹತ್ತಿ ಹಾಸನಕ್ಕೆ ಹೋಗಿ ಹೊಸ ಪಿಕ್ಚರಿನ ಮೊದಲ ಆಟ ನೋಡಿ ಬಂದು, ಹಟ್ಟಿ ಜಗುಲಿಯಲ್ಲಿ ಕೂತು ಇಡೀ ಕಥೆಯನ್ನು ಫೈಟಿನ ಸದ್ದಿನ ಸಮೇತ ಹೇಳುತ್ತಿದ್ದವನು.

ಮೂರು ವಾರದ ಹಿಂದೆ ಒಂದು ದಿನ ಹೀಗಾಗಿತ್ತು. ಮಂಜುನಾಥನ ಹೆಂಡತಿ ಹೆರಿಗೆಗೆ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಮಂಜುನಾಥ ಶುಂಠಿ ಹೊಲದಲ್ಲಿದ್ದ. ಅವ್ವ ಜಯಲಕ್ಷ್ಮಮ್ಮ ಟೀವಿ ಹಾಕಿಕೊಟ್ಟು, ಈಗ ಬಂದೆ ಅಂತ ಹೇಳಿ ಹೊಲಕ್ಕೆ ಊಟ ತೆಗೆದುಕೊಂಡು ಹೋದವಳು, ಆಳುಗಳು ಕಮ್ಮಿಯಾಗಿದ್ದರೆಂದು ಅಲ್ಲೇ ಕೆಲಸಕ್ಕೆ ನಿಂತುಬಿಟ್ಟಳು. ಇತ್ತ ಟೀವಿಯಲ್ಲಿ ಕಾರ್ಯಕ್ರಮ ಮುಗಿದು ಯಾವುದೋ ಸಾಮಾನು ಮಾರುವವರ ಕೂಗಾಟ ಶುರುವಾಯಿತು. ಅದೇ ಮಾತು, ಅದೇ ಹಾಡು, ಮತ್ತೆ ಅದೇ ಮಾತು. ನಾಲ್ಕು ಗಂಟೆ. ಅರುಣ ಕೂಗಿದ. ಯಾರಿಗೂ ಕೇಳಿಸಲಿಲ್ಲ. ಸಂಜೆ ಇವರು ಬಂದಾಗ ಅವನ ಗಂಟಲು ಬಿದ್ದುಹೋಗಿತ್ತು, ಕಣ್ಣು ಕೆಂಪಾಗಿತ್ತು. "ಆರ್ಸು" ಅಂತ ಒಂದೇ ಮಾತು ಹೇಳಿ ಮುಖವನ್ನು ಗೋಡೆ ಕಡೆ ತಿರುಗಿಸಿದ. ಅವತ್ತಿನಿಂದ ಟೀವಿ ಹಾಕಿಸಿರಲಿಲ್ಲ. ಮಾತೂ ಕಡಿಮೆ, ಊಟವೂ ಕಡಿಮೆ.

ಮಂಜುನಾಥ ಆವತ್ತೇ ತೀರ್ಮಾನ ಮಾಡಿದ್ದು, ತಮ್ಮನಿಗೆ ಇಷ್ಟವಾದ ಪಿಕ್ಚರನ್ನೇ ಹಾಕಿ ತೋರಿಸಬೇಕು ಅಂತ. ಮೇಘಶ್ರೀಯ ತಲೆಯಲ್ಲಿ ಓಡಿದ್ದು ಬೇರೆ. ಒಂದು ಕಂಪ್ಯೂಟರ್ ಜೋಡಿಸಿ, ಅದರೊಳಗೆ ಪಿಕ್ಚರುಗಳನ್ನೆಲ್ಲ ತುಂಬಿ, ಟೀವಿಗೆ ಕೊಟ್ಟುಬಿಟ್ಟರೆ ಅವನೇ ಬೇಕಾದ್ದು ಹಾಕಿಕೊಳ್ಳಬಹುದಲ್ಲ ಎಂದು. ಆದರೆ ಎರಡು ಬೆರಳಿನಲ್ಲಿ ಮೌಸು ಹೇಗೆ ಹಿಡಿಯುತ್ತಾನೆ ಅನ್ನುವುದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಅದಕ್ಕೇ ಅಣ್ಣನ ಹತ್ತಿರ ಒಂದು ವಾರದ ಸಮಯ ಕೇಳಿದ್ದು.

ಮಂಜುನಾಥ ಮನೆಗೆ ಬಂದವನೇ ಕೈಕಾಲು ತೊಳೆಯದೆ ಪ್ಲೇಯರನ್ನು ಜೋಡಿಸಿದ. ಅರುಣ ಅಣ್ಣನ ಮುಖ ನೋಡಿ, "ಸರಿ, ಆಕು" ಅಂದ. ಅಣ್ಣನಿಗೋಸ್ಕರ ಅಂದದ್ದು ಅಂತ ಮೇಘಶ್ರೀಗೆ ಅನ್ನಿಸಿತು. ಅವತ್ತು ಸಂಜೆ ಒಂದು ಪಿಕ್ಚರ್ ಪೂರ್ತಿ ಓಡಿತು. ಮಂಜುನಾಥ ಡಿಸ್ಕ್ ಬದಲಾಯಿಸುವ ನೆಪದಲ್ಲಿ ನಾಲ್ಕು ಸಲ ಒಳಗೆ ಹೋಗಿ ಬಂದ, ಪ್ರತಿ ಸಲವೂ ಗೆದ್ದ ಮುಖದಲ್ಲಿ ತಂಗಿಯ ಕಡೆ ನೋಡಿದ.

ಮಾರನೆಯ ದಿನ ಭಾನುವಾರ. ಮಂಜುನಾಥ ಹೊಸ ಡಿಸ್ಕ್ ಹಾಕಿಕೊಟ್ಟು ಹೊಲಕ್ಕೆ ಹೋದ. ಅವ್ವ ಅಡುಗೆಮನೆಯಲ್ಲಿದ್ದಳು. ಮೇಘಶ್ರೀ ಬಟ್ಟೆ ಒಗೆದು ಹಾಕಿ ಒಳಗೆ ಬಂದಾಗ ಅರುಣನ ಕೋಣೆಯಿಂದ ಸದ್ದೇ ಇರಲಿಲ್ಲ. ಬಾಗಿಲು ತಳ್ಳಿದಳು. ಟೀವಿಯಲ್ಲಿ ಒಬ್ಬ ಹೆಂಗಸಿನ ಮುಖ, ಬಾಯಿ ಅರ್ಧ ತೆರೆದು, ಚೌಕ ಚೌಕವಾಗಿ ಒಡೆದು ನಿಂತಿತ್ತು. ಡಿಸ್ಕ್ ಗೀರುಬಿದ್ದು ಸಿಕ್ಕಿಹಾಕಿಕೊಂಡಿತ್ತು. ಅರುಣ ಅದನ್ನೇ ನೋಡುತ್ತ ಮಲಗಿದ್ದ.

"ಇದು ನಿಂತು ಎಷ್ಟೊತ್ತಾಯ್ತು ಅಣ್ಣ?"

"ಅವ್ವ ರೊಟ್ಟಿ ತಟ್ಟೋಕೆ ಕೂತಾಗ ನಿಲ್ತು."

ಅವ್ವ ರೊಟ್ಟಿ ಮುಗಿಸಿ, ಸಾರು ಇಳಿಸಿ, ಪಾತ್ರೆ ತೊಳೆಯುತ್ತಿದ್ದಳು. 

"ಕರೀಬೋದಾಗಿತ್ತಲ್ಲ? ನಾನಿಲ್ಲೇ ಹಿತ್ತಲಲ್ಲಿದ್ದೆ."

"ಬೆಳಿಗ್ಗೆಯಿಂದ ನೀರಿಗೆ ಎರಡು ಸಲ ಕರೆದೆ. ಮಗ್ಗುಲಾಗೋಕೆ ಮೂರು ಸಲ. ನೊಣ ಓಡ್ಸೋಕೆ ಒಂದ್ಸಲ. ದಿನಕ್ಕೆ ಇಷ್ಟೇ ಕರೀಬೇಕು ಅಂತ ನಾನೇ ಇಟ್ಕಂಡಿವ್ನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿದ್ದು. "ನಂಗೆ ಪಿಕ್ಚರ್ ನೋಡೋದು ಅಷ್ಟೊಂದು ಬೇಕಾಗಿಲ್ಲ ಕಣಮ್ಮಿ. ಬ್ಯಾಡ ಅನ್ಸಿದಾಗ ನಿಲ್ಸೋದು ಬೇಕು. ಅಷ್ಟೇಯ."

ಮೇಘಶ್ರೀ ಟೀವಿ ಆರಿಸಿದಳು. ಅಂದಿನ ಸಂಜೆಯ ಬಸ್ಸಿನಲ್ಲಿ ಹಾಸನಕ್ಕೆ ಹೊರಟಾಗ ಕಂಪ್ಯೂಟರ್ ಜೋಡಿಸಿಯೇ ತೀರಬೇಕೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ತರಬೇತಿ ಕೇಂದ್ರ ನಡೆಸುತ್ತಿದ್ದವರು ತಿರುನಾರಾಯಣ ಮೇಷ್ಟ್ರು. ಹೊಳೆನರಸೀಪುರದವರು, ರಿಟೈರಾದ ಗಣಿತದ ಮೇಷ್ಟ್ರು, ದಿನಾ ರೈಲಿನಲ್ಲಿ ಬಂದು ಹೋಗುವವರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೆಷೀನೊಂದನ್ನು ಕೊಡುತ್ತೀರಾ ಅಂತ ಅವಳು ಕೇಳಿದಾಗ, ಯಾಕೆ ಅಂತ ಕೇಳಿ ತಿಳಿದುಕೊಂಡು, "ಒಂದಲ್ಲ, ಎರಡು ತಗೊಳಮ್ಮ. ಎರಡರಲ್ಲಿ ಒಂದು ಚೆನ್ನಾಗಿ ಆಗುತ್ತೆ" ಅಂದರು. ಎರಡನ್ನೂ ಬಿಚ್ಚಿ ಒಂದು ಮಾಡಿದಳು. ದೊಡ್ಡ ಹಾರ್ಡ್ ಡಿಸ್ಕನ್ನೂ ಟೀವಿಗೆ ಚಿತ್ರ ಕೊಡುವ ಕಾರ್ಡನ್ನೂ ಬೆಂಗಳೂರಿನಿಂದ ತರಿಸಿದಳು. ಟೀವಿಯ ಮೇಲೆ ಸಣ್ಣ ಅಕ್ಷರ ಕಲಸಿಕೊಂಡು ಕಾಣುವುದರಿಂದ, ಅಂಗೈಯಗಲದ ಚೌಕಗಳನ್ನು ಮಾಡಿ, ಒಂದೊಂದನ್ನು ಒತ್ತಿದರೂ ಒಂದೊಂದು ಪಿಕ್ಚರ್ ಓಡುವ ಹಾಗೆ ಜೋಡಿಸಿದಳು. ಎಲ್ಲ ಆಯಿತು. ಮೌಸು ಮಾತ್ರ ಹಾಗೇ ಉಳಿಯಿತು.

ಅದು ಸಿಕ್ಕಿದ್ದು ಅವಳು ಹುಡುಕದೆ ಇದ್ದಾಗ. ತಿಂಗಳಿಗೊಮ್ಮೆ ಲ್ಯಾಬಿನ ಮೌಸುಗಳನ್ನೆಲ್ಲ ಅಂಗಾತ ಮಾಡಿ, ಹೊಟ್ಟೆಯೊಳಗೆ ಉರುಳುವ ಗುಂಡಿನ ಮೇಲೆ ಮೆತ್ತಿದ ಕೊಳೆ ಒರೆಸುವುದು ಅವಳ ಕೆಲಸ. ಅವತ್ತೂ ಒಂದನ್ನು ಅಂಗಾತ ಹಿಡಿದು ಗುಂಡನ್ನು ಬೆರಳಿನಲ್ಲಿ ಉರುಳಿಸಿದಳು. ಪರದೆಯ ಮೇಲೆ ಬಾಣ ಸರ್ರನೆ ಓಡಿತು. ಅವಳು ಇನ್ನೊಂದು ಸಲ ಉರುಳಿಸಿದಳು. ಬೆರಳ ತುದಿ ತಾಕಿದರೆ ಸಾಕು, ಬಾಣ ಹೋಗುತ್ತಿತ್ತು. ಬೆರಳು ಕೆಳಗೆಳೆದರೆ ಅದು ಮೇಲೆ ಹೋಗುತ್ತದೆ, ಅದೊಂದೇ ತಿರುವುಮುರುವು. ತಿರುನಾರಾಯಣ ಮೇಷ್ಟ್ರು ಬಂದು ನೋಡಿದಾಗ ಅವಳು ಅಂಗಾತ ಮೌಸನ್ನು ಹಿಡಿದುಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

ಮುಂದಿನ ಶನಿವಾರ ಅರಕಲಗೂಡಿನಲ್ಲಿ ಇಳಿದು ರೇಡಿಯೋ ರಿಪೇರಿ ಈಶ್ವರಯ್ಯನವರ ಅಂಗಡಿಗೆ ಹೋದಳು. ಅವರು ಮೌಸನ್ನು ಅಂಗಾತ ಒಂದು ಹಲಗೆಗೆ ಬಿಗಿದು, ಕ್ಲಿಕ್ಕಿನ ವೈರನ್ನು ಹೊರಗೆ ತೆಗೆದು, ಹಳೆಯ ಟೇಪ್‌ರೆಕಾರ್ಡರಿನ ಎಲೆಯಂಥ ತೆಳು ಸ್ವಿಚ್ಚಿಗೆ ಬೆಸೆದರು. "ಇರುವೆ ಹತ್ತಿದ್ರೂ ಒತ್ಕತದೆ ಕಣವ್ವ," ಅಂದರು. ಅಲ್ಲಿಂದ ಮೂರು ಮೈಲಿ ಆಟೋದಲ್ಲಿ ಎಲ್ಲವನ್ನೂ ಹೇರಿಕೊಂಡು ಮನೆ ಮುಂದೆ ಬಂದಿಳಿದಳು.

ಮಂಜುನಾಥ ಬಾಗಿಲಿಗೆ ಅಡ್ಡ ನಿಂತಿದ್ದ.

"ಇದು ಒಳಗೆ ಓಗಾಕಿಲ್ಲ."

"ಯಾಕೆ?"

"ಓಗಾಕಿಲ್ಲ ಅಂದ್ನಲ್ಲ. ಪ್ಲೇಯರ್ ಐತೆ, ಸಾಕು."

"ಪ್ಲೇಯರ್ ತಂದ ಮಾರನೇ ದಿನ ಅವನು ಏನು ನೋಡ್ಕೊಂಡು ಮಲಗಿದ್ದ ಗೊತ್ತಾ ನಿನಗೆ? ನಿನ್ನ ಹಟಕ್ಕೆ ಅವನು..."

"ಹಟ ಅಲ್ಲ ಕಣೇ!" ಮಂಜುನಾಥನ ದನಿ ಒಡೆಯಿತು. ಒಳಗೆ ಕೇಳಿಸೀತೆಂದು ಅವಳ ತೋಳು ಹಿಡಿದು ಹುಣಸೆ ಮರದ ಕಡೆ ಎಳೆದುಕೊಂಡು ಹೋದ.  "ಓದ ಶ್ರಾವಣದಾಗೆ ಅವನು ನನ್ನ ಒಂದು ಕೇಳ್ದ. ಸೊಪ್ಪಿನ ಹುಳಕ್ಕೆ ಹೊಡೆಯೋ ಔಷಧಿ ಎಲ್ಲಿಟ್ಟಿದ್ದೀಯ ಅಂದ. ಅಟ್ಟದ ಮ್ಯಾಲೆ ಅಂದೆ, ಯಾಕೆ ಅಂತ ಹೊಳೀಲಿಲ್ಲ ನಂಗೆ. ತಂದ್ಕೊಡಣ್ಣ, ನಿನ್ನ ಕೈಲೇ ಕೊಡು ಅಂದ."

ಮೇಘಶ್ರೀ ಮರಕ್ಕೆ ಕೈಯೂರಿದಳು.

"ಅವ್ವಂಗೆ ಯೋಳಿಲ್ಲ. ನನ್ ಹೆಂಡ್ತಿಗೂ ಯೋಳಿಲ್ಲ. ಔಷಧಿನೆಲ್ಲ ಹೊಲದ ಶೆಡ್ಡಿಗೆ ಸಾಗ್ಸಿ ಬೀಗ ಹಾಕ್ದೆ. ಅವನ ಕೈಲಿ ಏನೂ ಆಗಾಕಿಲ್ಲ ಅಂತ ನಂಗೊತ್ತು. ಆದ್ರೂ ಗಂಟೆಗೊಂದ್ಸಲ ಅವನ ಮೊಕ ನೋಡ್ದಿದ್ರೆ ನಂಗೆ ಉಸಿರು ಕಟ್ತದೆ. ಸುಮ್ ಸುಮ್ನೆ ಒಳಗೋದ್ರೆ ಅವನು ರೇಗ್ತಾನೆ. ಡಿಸ್ಕ್ ಬದ್ಲಾಯ್ಸೋಕೆ ಅಂದ್ರೆ ಏನೂ ಅನ್ನಾಕಿಲ್ಲ. ನಿನ್ನ ಕಂಪ್ಯೂಟರ್ ಬಂದ್ರೆ ಯಾರೂ ಒಳಗೋಗೋ ಅಂಗೇ ಇಲ್ಲ. ಬಾಗ್ಲಾಕ್ಕಂಡು ಅವನೊಬ್ಬನೇ ಇರ್ಬೇಕಾಯ್ತದೆ. ಬ್ಯಾರನ್ ಹತ್ತು ಅಂತ ಅವನಿಗೆ ಯೋಳ್ದೋನು ನಾನು ಕಣೆ. ನಂಗೆ ಅವನ್ನ ಒಬ್ಬನ್ನೇ ಬಿಡೋಕಾಗಾಕಿಲ್ಲ."

ವಾರಗಟ್ಟಲೆ ಅವಳು ಜೋಡಿಸಿಕೊಂಡಿದ್ದ ಮಾತೆಲ್ಲ ಉದುರಿಹೋಯಿತು. ಅಣ್ಣ ಹೇಳುವುದೂ ಸರಿಯೇ ಅಲ್ಲವೆ? ನಿಲ್ಲಿಸುವುದು ಬೇಕು ಅಂತ ಅರುಣ ಅಂದದ್ದು ಟೀವಿಯನ್ನೋ, ಇನ್ನೇನನ್ನೋ? ಆಟೋದವನು ಸಾಮಾನು ಜಗುಲಿಯಲ್ಲಿಟ್ಟು ಹೋಗಿಬಿಟ್ಟಿದ್ದ. ಅದನ್ನು ಒಳಗೆ ತರಬೇಕೋ ವಾಪಸು ಕಳಿಸಬೇಕೋ ಅವಳಿಗೇ ತಿಳಿಯದೆ ಹೋಯಿತು.

"ಇಬ್ರೂ ನೀವ್ ನೀವೇ ಮಾತಾಡ್ಕತೀರಲ್ಲ," ಅಂತ ಹಿಂದಿನಿಂದ ದನಿ ಬಂತು. ಅವ್ವ ಸೆರಗಿನಲ್ಲಿ ಕೈ ಒರೆಸುತ್ತ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಮುಖ ಬಿಳಿಚಿಕೊಂಡಿತ್ತು. "ಮಲಗಿರೋನಿಗೆ ಬಾಯಿ ಇಲ್ವಾ? ಅವನ್ನ ಕೇಳ್ರಿ."

ಮೂವರೂ ಒಳಗೆ ಹೋದರು. ಕೇಳಿದ್ದು ಮೇಘಶ್ರೀಯೇ. ಏನು ತಂದಿದ್ದೇನೆ, ಅದು ಹೇಗೆ ನಡೆಯುತ್ತದೆ ಅಂತ ಹೇಳಿ, "ಬೇಕಾ ಅಣ್ಣ, ಬೇಡ್ವಾ? ಬೇಡ ಅಂದ್ರೆ ಈಗ್ಲೇ ಎತ್ಕೊಂಡು ಹೋಗ್ತೀನಿ" ಅಂದಳು. ಅರುಣ ಹಲಗೆಯ ಮೇಲಿನ ಮೌಸನ್ನು ನೋಡಿದ, ಬಾಗಿಲಲ್ಲಿ ನಿಂತ ಅಣ್ಣನನ್ನು ನೋಡಿದ.

"ಇಡು ನೋಡೋಣ," ಅಂದ.

ಜೋಡಿಸಲು ಒಂದು ಗಂಟೆ ಹಿಡಿಯಿತು. ಹಲಗೆಯನ್ನು ಅವನ ಬಲಗೈ ಕೆಳಗೆ ದಿಂಬಿನ ಮೇಲಿಟ್ಟು, ತೋರುಬೆರಳು ಗುಂಡಿನ ಮೇಲೆ, ನಡುಬೆರಳು ಸ್ವಿಚ್ಚಿನ ಮೇಲೆ ಬರುವ ಹಾಗೆ ಟವೆಲ್ ಮಡಿಸಿ ಒತ್ತು ಕೊಟ್ಟಳು. ಟೀವಿಯಲ್ಲಿ ಬಣ್ಣದ ಚೌಕಗಳು ಮೂಡಿದವು. ಬಾಣ ನಡುವಿನಲ್ಲಿ ನಿಂತಿತ್ತು.

ಅರುಣ ಬೆರಳು ಎಳೆದ. ಬಾಣ ಮೇಲಕ್ಕೆ ಹಾರಿ ಅಂಚಿಗೆ ಸಿಕ್ಕಿಕೊಂಡಿತು. ಮತ್ತೆ ಎಳೆದ, ಅದು ಮೂಲೆಗೆ ಹೋಯಿತು. ಅವನ ಬೆರಳು ನಡುಗುತ್ತಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ಬಾಣ ಚೌಕದ ಹತ್ತಿರ ಬರುವುದು, ಒತ್ತಬೇಕೆನ್ನುವಷ್ಟರಲ್ಲಿ ಜಾರಿಬಿಡುವುದು. ಅವನ ಹಣೆಯಲ್ಲಿ ಬೆವರು ಮೂಡಿ ಕಣ್ಣಿಗಿಳಿಯಿತು. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಮಂಜುನಾಥ ತಡೆಯಲಾರದೆ ಮುಂದೆ ಬಂದು ಹಲಗೆಯ ಕಡೆ ಕೈ ಚಾಚಿದ. ಮೇಘಶ್ರೀ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವಳ ಉಗುರು ಅವನಿಗೆ ನಾಟಿತು. ಅವನು ಕೊಸರಲಿಲ್ಲ.

ಬಾಣ ಚೌಕದೊಳಗೆ ಬಂತು. ನಿಂತಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಟೀವಿ ಕಪ್ಪಾಯಿತು. ಕೆಳಗೆ ಕಂಪ್ಯೂಟರಿಗಷ್ಟೇ ಕೊಟ್ಟಿದ್ದ ಬ್ಯಾಟರಿ ಪೆಟ್ಟಿಗೆ, ಯುಪಿಎಸ್, ಕುಂಯ್ ಕುಂಯ್ ಅಂತ ಕೂಗತೊಡಗಿತು. ಅರುಣ ಕಣ್ಣು ಮುಚ್ಚಿಕೊಂಡ. ಮೇಘಶ್ರೀಗೆ ತಾನು ಎಂಥ ಆಸೆ ಹುಟ್ಟಿಸಿ ಎಂಥ ಅನ್ಯಾಯ ಮಾಡಿಬಿಟ್ಟೆ ಅನ್ನಿಸಿತು. ಮೂರು ಗಂಟೆಯ ಬಿಸಿಲು ಕಿಟಕಿಯಲ್ಲಿ ಬೀಳುತ್ತಿತ್ತು. ಯಾರೂ ಆಚೆ ಹೋಗಲಿಲ್ಲ.  ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು.

"ಅಣ್ಣ," ಅಂದ ಅರುಣ, ಕಣ್ಣು ತೆರೆಯದೆ.

"ಏನ್ಲಾ."

"ನೀನು ಡಿಸ್ಕ್ ಹಿಡ್ಕಂಡು ಯಾಕ್ ಬತ್ತೀಯ ಅಂತ ನಂಗೊತ್ತು ಕಣಣ್ಣ. ಕಾವಲಿಗೆ ಬತ್ತೀಯ. ಅವತ್ತು ನಾನು ಕೇಳಿದ್ದಕ್ಕೆ."

ಮಂಜುನಾಥ ಗೋಡೆಗೆ ಒರಗಿದ.

"ಅವತ್ತು ನಿಜವಾಗ್ಲೂ ಕೇಳಿದ್ದೆ. ಸುಳ್ಳು ಯೋಳಾಕಿಲ್ಲ. ಇವತ್ತು ಕೇಳಾಕಿಲ್ಲ. ನಾಳೆದು ಗೊತ್ತಿಲ್ಲ." ಅರುಣ ಉಸಿರು ಎಳೆದುಕೊಂಡ. "ಆದ್ರೆ ನೀನು ಬರೋದಾದ್ರೆ ಬರಿಗೈಲಿ ಬಾ. ಬಂದು ಕೂತ್ಕೊ. ನನ್ ಮೊಕ ನೋಡೋಕೆ ಬಂದೆ ಅಂತ ಯೋಳು. ರೇಗಿದ್ರೆ ರೇಗ್ತೀನಿ, ಏನೀಗ? ಡಿಸ್ಕ್ ಯಾಕ್ ಬೇಕು ಮಧ್ಯದಾಗೆ?"

ಮಂಜುನಾಥ ಅಳಲು ಶುರುಮಾಡಿದ. ದೊಡ್ಡಣ್ಣ ಅತ್ತದ್ದನ್ನು ಮೇಘಶ್ರೀ ಅಪ್ಪ ಸತ್ತಾಗಲೂ ನೋಡಿರಲಿಲ್ಲ. ಅವ್ವ ಅವನ ಹತ್ತಿರ ಹೋಗಲಿಲ್ಲ. ಅರುಣನ ಕಾಲ ಬಳಿ ಮಂಚದ ಮೇಲೆ ಕೂತು, ಮುಟ್ಟಿದ್ದು ತಿಳಿಯದ ಅವನ ಪಾದವನ್ನು ಒತ್ತತೊಡಗಿದಳು.

ಕರೆಂಟು ಬಂದದ್ದು ನಾಲ್ಕೂವರೆಗೆ. ಮೇಘಶ್ರೀ ಎಲ್ಲವನ್ನೂ ಮತ್ತೆ ಹಾಕಿದಳು. ಈ ಸಲ ಯಾರೂ ಅವನ ಬೆರಳನ್ನು ನೋಡಲಿಲ್ಲ. ಮಂಜುನಾಥ ಕಿಟಕಿಯಾಚೆ ನೋಡುತ್ತಿದ್ದ, ಅವ್ವ ನೆಲ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಹಾಡು ಕೇಳಿಸಿತು. ಪಿಕ್ಚರ್ ಶುರುವಾಗಿತ್ತು. ಒಂದು ನಿಮಿಷ ಓಡಿರಬೇಕು, ಟಪ್ಪನೆ ನಿಂತಿತು. ಮತ್ತೆ ಕೆಟ್ಟಿತೇನೋ ಎಂದು ಮೇಘಶ್ರೀ ತಿರುಗಿದಳು.

"ನಾನೇ ನಿಲ್ಸಿದ್ದು," ಅಂದ ಅರುಣ. ಮತ್ತೆ ಓಡಿಸಿದ. ಮತ್ತೆ ನಿಲ್ಲಿಸಿದ. ಏಳೆಂಟು ಸಲ ಹೀಗೇ ಮಾಡಿದ. ಅವನು ಆ ಸಂಜೆ ಪಿಕ್ಚರನ್ನೇ ನೋಡಲಿಲ್ಲ.

ಅಲ್ಲಿಂದ ಎಲ್ಲ ಸುಸೂತ್ರವಾಯಿತೆಂದು ಹೇಳಲಾಗದು. ಮೊದಲ ವಾರ ಮಂಜುನಾಥ ಬರಿಗೈಯಲ್ಲಿ ಒಳಗೆ ಹೋಗಲಾರದೆ ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದ. ಅರುಣ "ಒಳಗೆ ಬಾ, ಇಲ್ಲಾ ಓಗು" ಅಂತ ರೇಗುತ್ತಿದ್ದ. ಆಮೇಲೆ ಕುರ್ಚಿಯೊಂದು ಒಳಗೆ ಬಂತು. ಹೊಲದಿಂದ ಬಂದವನು ಅದರಲ್ಲಿ ಕೂತು, ಪಿಕ್ಚರ್ ಅರ್ಧವಾಗುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನ ಗೊರಕೆ ಜೋರಾದರೆ ಅರುಣ ಸೌಂಡು ಕಮ್ಮಿ ಮಾಡಿ, ಅವ್ವನನ್ನು ಕರೆದು ತೋರಿಸಿ ನಗುತ್ತಿದ್ದ. ಪರದೆಯ ಮೇಲೆ ಅಕ್ಷರ ಆರಿಸಿ ಬರೆಯುವುದನ್ನೂ ಮೇಘಶ್ರೀ ಕಲಿಸಿದಳು. ಅವನು ಬರೆದ ಮೊದಲ ಪತ್ರ ತಿರುನಾರಾಯಣ ಮೇಷ್ಟ್ರಿಗೆ. ನಾಲ್ಕು ಸಾಲಿಗೆ ಎರಡು ದಿನ ಹಿಡಿಯಿತು.

ಕಾರ್ತಿಕದಲ್ಲಿ ಮತ್ತೆ ಕೆಟ್ಟ ದಿನಗಳು ಬಂದವು. ಅರುಣ ಬೆರಳು ಆಡಿಸಲಿಲ್ಲ, ಊಟ ಮುಟ್ಟಲಿಲ್ಲ, ಮುಖ ಗೋಡೆ ಕಡೆ ತಿರುಗಿಸಿದ. ಅವ್ವ ಹಾಸನಕ್ಕೆ ಫೋನು ಮಾಡಿಸಿದಳು. ಮೇಘಶ್ರೀ ರಜೆ ಹಾಕಿ ಬಂದಾಗ ಮಂಜುನಾಥ ಆ ಕುರ್ಚಿಯಲ್ಲಿ ಕೂತಿದ್ದ. ನಾಲ್ಕು ದಿನದಿಂದ ಹೊಲದ ಕಡೆ ಹೋಗಿಲ್ಲ, ಹೀಗೇ ಕೂತವ್ನೆ ಅಂದಳು ಅವ್ವ.  ಮೇಘಶ್ರೀ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಹಂಚಿನ ಮೇಲೆ ಹನಿ ಬಿದ್ದ ಸದ್ದಾಯಿತು.

"ಶುಂಠಿ ಕಿತ್ತಾಯ್ತಾ?" ಅಂತ ಗೋಡೆ ಕಡೆಯಿಂದ ದನಿ ಬಂತು.

"ಇಲ್ಲ ಕಣ್ಲಾ. ಅರ್ಧ ಐತೆ."

"ಮಳೆ ಬತ್ತಾ ಐತೆ. ಎದ್ದೋಗಿ ಕೀಳ್ಸು. ಮೇಘ ಬಂದವ್ಳಲ್ಲ, ಅವಳು ಕೂತ್ಕತಾಳೆ."

ಮಂಜುನಾಥ ತಂಗಿಯ ಮುಖ ನೋಡಿದ. ಅವಳು ತಲೆ ಆಡಿಸಿದಳು. ಅವನು ಎದ್ದು, ಮೊಳೆಗೆ ನೇತುಹಾಕಿದ್ದ ಕಂಬಳಿ ಎಳೆದುಕೊಂಡು, ಬಿರುಸಾಗಿ ಹೊಲದ ಕಡೆ ನಡೆದ.